ದಿನಕ್ಕೆ ಹತ್ತು ಪಾಳಿ

ಜುಲೈ ೧೩, ೨೦೦೯, ಸೋಮವಾರ

ಇಂದಿನಿಂದ ಬಾಯಿಗೆ ಬೀಗ. ಮಾತಾಡದಿದ್ದರೆ ಹೊಟ್ಟೆ ಉಬ್ಬುವ ಸ್ವಭಾವ ನನ್ನದು. ಅದಕ್ಕೇ ಈ ನೋಟ್‌ಬುಕ್ಕು.

ಗೋಕಾಕಿನ ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಟಿ.ವಿ.ಯಲ್ಲಿ ನನಗೂ ತೋರಿಸಿದರು. ದನಿ ಹುಟ್ಟುವ ಜಾಗದಲ್ಲಿ ಎದುರುಬದುರಾಗಿ ಎರಡು ಗಂಟು, ಸಾಬುದಾಣಿಯಷ್ಟು.

"ಭಾಳ ಒದರಿದ್ದಕ್ಕ ಬಂದಾವ್ರಿ ಟೀಚರ್. ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ಹದಿನೈದು ದಿನ ಒಂದಕ್ಷರ ಆಡಂಗಿಲ್ಲ. ಪಿಸುಮಾತಂತೂ ಬ್ಯಾಡೇ ಬ್ಯಾಡ, ಅದು ಒದರೂದಕ್ಕಿಂತ ಕೆಟ್ಟ. ಆಮ್ಯಾಲ ದಿನಕ್ಕ ಹತ್ತ ಮಾತು. ಹತ್ತಂದ್ರ ಹತ್ತ."

ಒದರಿದ್ದಕ್ಕಂತೆ! ಕೌಜಲಗಿಯ ಸರಕಾರಿ ಶಾಲೆಯಲ್ಲಿ ಮೂರನೆಯ, ನಾಲ್ಕನೆಯ ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ನನ್ನ ಕೈಗೆ ಕೊಟ್ಟಿದ್ದಾರೆ. ಕಿಟಕಿಯ ಬಾಜೂಕ್ಕೆ ರಸ್ತೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡೇ ಹೋಗುತ್ತವೆ. ಒದರದೆ ಒಬ್ಬೊಬ್ಬರ ಕಿವಿಯಲ್ಲಿ ಹೋಗಿ ಊದಲೇ?

ರಜೆಗೆ ಬರೆದುಕೊಟ್ಟಿದ್ದೇನೆ. ದಸರೆಯ ಸೂಟಿ ಮುಗಿದು ಅಕ್ಟೋಬರ್ ೨೬ಕ್ಕೆ ಶಾಲೆ ತೆರೆದಾಗ, ಡಾಕ್ಟರರ ಸರ್ಟಿಫಿಕೇಟು ಹಿಡಿದು ಹಾಜರಾಗಬೇಕು. ಇಲ್ಲವಾದರೆ ನೌಕರಿಯ ಆಸೆ ಬಿಡಬೇಕು. ಮನೆಯಲ್ಲಿ ಅತ್ತೆ ಕಮಲವ್ವ "ನಾ ಮದ್ಲ ಹೇಳಿದ್ನಿ, ಆ ನೌಕರಿ ಬ್ಯಾಡ ಅಂತ" ಎಂದರು. ನನ್ನ ಗಂಡ ಜಿನದತ್ತ ಏನೂ ಅನ್ನಲಿಲ್ಲ. ಬೀಜ-ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳೊಡನೆ ಸಂಜೆತನಕ ಮಾತಾಡುವವರು ಮನೆಯಲ್ಲಿ ನನಗಿಂತ ಮೊದಲೇ ಮೂಕರಾಗಿದ್ದಾರೆ.

ಬಿಡುವುದಿಲ್ಲ. ಬರೆದಿಟ್ಟಿದ್ದೇನೆ.

ಜುಲೈ ೧೬, ಗುರುವಾರ

ಬೆಳಿಗ್ಗೆ ಬಸದಿಗೆ ಹೋಗಿದ್ದೆವು. ಈ ಸಲದ ಚಾತುರ್ಮಾಸಕ್ಕೆ ಒಬ್ಬ ಸನ್ಯಾಸಿನಿ ಮಾತಾಜಿ ನಮ್ಮ ಮೂಡಲಗಿಯಲ್ಲೇ ಉಳಿದಿದ್ದಾರೆ. ಬಸದಿಯ ಕಮಿಟಿಗೆ ಮಾವ ಪಾರ್ಶ್ವನಾಥರೇ ಅಧ್ಯಕ್ಷರು. ಹಾಗಾಗಿ ಮುಂದಿನ ಸಾಲು ಯಾವಾಗಲೂ ನಮ್ಮದು. ನಾನು ಕೈ ಜೋಡಿಸಿದೆ, ಬಾಯಿ ಬಿಡಲಿಲ್ಲ.

"ಯಾಕವಾ, ವಂದಾಮಿ ಅನ್ನಾಕೂ ಬ್ಯಾಸರೇನ?" ಎಂದರು ಹಿಂದಿನ ಓಣಿಯ ಸುಂದ್ರವ್ವ.

ನಾನು ಚೀಟಿ ತೆಗೆಯುವಷ್ಟರಲ್ಲಿ ಅತ್ತೆ ಹೇಳಿಬಿಟ್ಟರು: "ಮೌನ ಹಿಡದಾಳವಾ. ಚಾತುರ್ಮಾಸ ಮುಗಿಯೂತನಕ."

ಸುಂದ್ರವ್ವ ಬಗ್ಗಿ ನನ್ನ ಕಾಲು ಮುಟ್ಟಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು! ನಾನು ಹಿಂದೆ ಸರಿದೆ. ಅದನ್ನೂ ವಿನಯ ಎಂದುಕೊಂಡರು.

ಮನೆಗೆ ಬಂದವಳೇ ಅತ್ತೆಗೆ ಚೀಟಿ ಬರೆದೆ: "ಸುಳ್ಳು ಏಕೆ ಹೇಳಿದಿರಿ?" ಓದಲು ಅವರಿಗೆ ಕನ್ನಡಕ ಬೇಕು. ಕನ್ನಡಕ ಸಿಗಲು ಅರ್ಧ ತಾಸು ಬೇಕು. ಅಷ್ಟರಲ್ಲಿ ಸಿಟ್ಟಿಗೂ ನಿಂತು ನಿಂತು ಕಾಲು ನೋಯುತ್ತದೆ.

"ಗಂಟಲಾಗ ಗಂಟು ಅಂದ್ರ ಮಂದಿ ಏನ ತಿಳಕೋತಾರ? ಆ ರೋಗನ ಅಂತಾರ. ಭಕ್ತಿನ ನೋಡಾಕ ಹುಕ್ಕೇರಿಯವ್ರು ಬರೂರದಾರ. ನೀ ಹೆಂಗೂ ಸುಮ್ನಿರಾಕಿ. ಸುಮ್ನಿರೂದಕ್ಕ ಒಂದು ಒಳ್ಳೆ ಹೆಸರಿದ್ರ ಯಾರಿಗಿ ಏನ ಹ್ವಾತು?"

ಭಕ್ತಿ ನನ್ನ ನಾದಿನಿ. ಗೋಕಾಕಿನಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ. ಅವಳ ಹೆಸರು ಬಂದರೆ ನನ್ನ ಪೆನ್ನು ನಿಲ್ಲುತ್ತದೆ, ಅದು ಅತ್ತೆಗೆ ಗೊತ್ತು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಈ ಮನೆಯಲ್ಲಿ ಅಷ್ಟೂ ಬಂಗಾರವನ್ನು ನನಗೊಬ್ಬಳಿಗೇ ಹಾಕಿದ್ದಾರೆ.

ಜುಲೈ ೨೦, ಸೋಮವಾರ

ಅಂಗಡಿಯ ಬಿಲ್ಲಿಗೆಂದು ಇವರು ತಂದ ಕಂಪ್ಯೂಟರು ಪಡಸಾಲೆಯಲ್ಲಿದೆ. ಬ್ರಾಡ್‌ಬ್ಯಾಂಡೂ ಇದೆ. ಗಂಟಲ ರೋಗದ ಬಗ್ಗೆ ಹುಡುಕಲು ಕುಳಿತವಳಿಗೆ ಎಲ್ಲಿಂದಲೋ ಎಲ್ಲಿಗೋ ಹೋಗಿ ಒಂದು ಆಟ ಸಿಕ್ಕಿತು. ಪುಕ್ಕಟೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಪುಟ ತೆರೆದರೆ ಆಟ ತೆರೆಯಿತು. ಓಟವಿಲ್ಲ, ಗುಂಡಿಲ್ಲ, ಬರೀ ಕಥೆ, ಇಂಗ್ಲಿಷಿನಲ್ಲಿ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಓದಿದೆ.

ಹೊಳೆ ನುಂಗಿದ ಒಂದು ಊರು. ಅಲ್ಲಿ ನಾನು ದೋಣಿಯವಳು. ಮನೆಯ ಮಾಳಿಗೆಯಿಂದ ಮಾಳಿಗೆಗೆ ಕಾಗದ ಮುಟ್ಟಿಸುತ್ತೇನೆ. ಊರಿನಾಚೆ ಒಂದು ಸೇತುವೆ, ಅದರ ಬಾಗಿಲನ್ನು ಊರಿನ ಹಿರಿಯರು ಮುಚ್ಚಿಸಿದ್ದಾರೆ. ಅದನ್ನು ತೆರೆಸಿ ದಾಟಬೇಕು. ಪ್ರತಿ ಪುಟದಲ್ಲೂ ಮೂರ್ನಾಲ್ಕು ದಾರಿ. ಒಂದರ ಪಕ್ಕ "ಸಲೀಸು" ಎಂದಿರುತ್ತದೆ, ಇನ್ನೊಂದರ ಪಕ್ಕ "ಅರ್ಧಕ್ಕರ್ಧ", ಮತ್ತೊಂದರ ಪಕ್ಕ "ಹುಚ್ಚು ಸಾಹಸ". ಒಂದು ದಾರಿ ಹಿಡಿದರೆ ಒಂದು ಪಾಳಿ ಖರ್ಚು. ದಿನಕ್ಕೆ ಹತ್ತೇ ಪಾಳಿ. ಇಲ್ಲೂ ಹತ್ತು! ಆ ಡಾಕ್ಟರರೇ ಬರೆದ ಆಟವೋ ಏನೋ.

ಸೋತರೆ ಮೈ ಒದ್ದೆಯಾಗುತ್ತದೆ. ಏಳು ಸಲ ಒದ್ದೆಯಾದರೆ ಜ್ವರದ ಮನೆಗೆ ಹಾಕುತ್ತಾರೆ. ಅಲ್ಲಿ ಬಟ್ಟೆ ಒಣಗಿಸುವುದೊಂದೇ ಕೆಲಸ, ಒಂದು ಒದ್ದೆ ಆರಲು ಎರಡು ಪಾಳಿ. ಗೊತ್ತಿಲ್ಲದೆ ಹತ್ತಕ್ಕೆ ಹತ್ತೂ ಹುಚ್ಚು ಸಾಹಸವನ್ನೇ ಒತ್ತಿದೆ. ಕಾಲು ಗಂಟೆಯಲ್ಲಿ ಜ್ವರದ ಮನೆ ಸೇರಿದೆ.

ದುಡ್ಡು ಕೊಟ್ಟರೆ ಬೇಗ ಬಿಡುತ್ತಾರಂತೆ, ಡಾಲರಿನಲ್ಲಿ. ಕೊಡುವುದಿಲ್ಲ, ನಡೆಯಿರಿ. ಪಾಳಿ ತುಂಬುವುದು ಬೆಳಿಗ್ಗೆ ಒಂಬತ್ತೂವರೆಗೆ. ದಿನಾ ನಾನು ಕೌಜಲಗಿಯ ಬಸ್ಸು ಹಿಡಿಯುತ್ತಿದ್ದ ಹೊತ್ತು ಅದು.

ಜುಲೈ ೨೮, ಮಂಗಳವಾರ

ಹದಿನೈದು ದಿನ ಮುಗಿಯಿತು. ಮೊದಲ ಮಾತು ಯಾರಿಗೆ, ಏನು ಎಂದು ದಿನವೂ ಯೋಚಿಸಿ ಇಟ್ಟಿದ್ದೆ. ಅತ್ತೆಗೆ ಒಂದು ಸಾಲು ಬಾಯಿಪಾಠವೇ ಆಗಿತ್ತು. ಬೆಳಿಗ್ಗೆ ಅಡುಗೆಮನೆಗೆ ಹೋದರೆ ಬೆಕ್ಕು ಹಾಲಿನ ಪಾತ್ರೆಯಲ್ಲಿ ಬಾಯಿ ಹಾಕಿತ್ತು. "ಹಚ್ ನಿನ್ನ, ಹೋಕ್ಕಿಯೋ ಇಲ್ಲೋ!" ಎಂದೆ. ಎರಡು ಮಾತು ಬೆಕ್ಕಿಗೆ ಹೋಯಿತು.

ದನಿ ನನ್ನದಲ್ಲ ಅನ್ನಿಸಿತು. ಒಡೆದಿದೆ, ಆದರೆ ಇದೆ. ಬಚ್ಚಲಿಗೆ ಹೋಗಿ ಒಂದಿಷ್ಟು ಅತ್ತು ಬಂದೆ.

ಮಾವ ಕರೆದು, "ಮನ್ಯಾಗ ಬಾಗಲಾ ಹಾಕ್ಕೊಂಡ ಮಾತಾಡವಾ. ಹೊರಗ ಬ್ಯಾಡ. ಈಗ ಎಲ್ಲಾರಿಗೂ ಗೊತ್ತಾಗೇತಿ" ಎಂದರು. ಗೊತ್ತಾಗಿದ್ದು ಸುಳ್ಳು, ಮುಚ್ಚಿಡಬೇಕಾಗಿದ್ದು ಖರೆ.

ಆಗಸ್ಟ್ ೧೧, ಮಂಗಳವಾರ

ಮಾತು: ೬. ಪಾಳಿ: ೧೦. ಒದ್ದೆ: ೦.

ಈಗ ಆಟ ಹತೋಟಿಗೆ ಬಂದಿದೆ. ಸಲೀಸಾದ ದಾರಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾಗದ ಮುಟ್ಟಿಸು, ಹಗ್ಗ ಹೊಸೆ, ದೋಣಿಯ ನೀರು ಚೆಲ್ಲು. ಹದಿನಾಲ್ಕು ದಿನದಿಂದ ಒಂದು ಹನಿ ತಾಗಿಸಿಕೊಂಡಿಲ್ಲ. ಮಾತಿಗೂ ಅದೇ ನೇಮ. ಬೇಕಿದ್ದರೆ ಮಾತ್ರ ಆಡಬೇಕು, ಉಳಿದಷ್ಟೂ ಲಾಭ.

ಭಕ್ತಿಗೆ ಸಿಕ್ಕಿಬಿದ್ದೆ. ಹಿಂದೆ ನಿಂತು ಪರದೆ ಓದುತ್ತಿದ್ದಳು.

"ವೈನಿ, ನೀವು ವೆಬ್‌ಸೈಟಿನ್ಯಾಗ ಧ್ಯಾನ ಮಾಡಾಕತ್ತೀರಂತ ಅವ್ವ ಸುಂದ್ರವ್ವನ ಮುಂದ ಹೇಳಾಕತ್ತಿದ್ಲು!"

ಇಬ್ಬರೂ ನಕ್ಕೆವು. ನಾನು ದನಿಯಿಲ್ಲದೆ ನಕ್ಕೆ. ಈಗ ದಿನವೂ ಊಟದ ನಂತರ ಅವಳು ಪಕ್ಕದಲ್ಲಿ ಕೂರುತ್ತಾಳೆ, ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಬೆರಳು ತೋರಿಸುತ್ತೇನೆ. ಇಂದು ಅವಳೊಂದು ಮಾತು ಅಂದಳು: "ಹದಿನಾಲ್ಕು ದಿನಾ ಆತು, ಸೇತುವಿ ಒಂದು ಗೇಣೂ ಹಂತ್ಯಾಕ ಬಂದಿಲ್ಲಲ್ರಿ ವೈನಿ." ನಿನಗೇನು ಗೊತ್ತು ಸುಮ್ಮನಿರು ಎಂದು ಕಣ್ಣು ಬಿಟ್ಟೆ.

ಆಗಸ್ಟ್ ೩೦, ಭಾನುವಾರ

ಹುಕ್ಕೇರಿಯವರು ಬಂದಿದ್ದರು. ದಶಲಕ್ಷಣ ಪರ್ವದ ದಿನಗಳು, ಮನೆ ತುಂಬ ಜನ. ಹುಡುಗ ಯಶ ಪರವಾಗಿಲ್ಲ, ತಲೆ ಎತ್ತಿ ಭಕ್ತಿಯನ್ನು ನೋಡಿದ, ಬಿ.ಕಾಂ.ನಲ್ಲಿ ಯಾವ ವಿಷಯ ಇಷ್ಟ ಎಂದು ಕೇಳಿದ. ಹುಡುಗನ ತಾಯಿ ಮಾತ್ರ ಭಕ್ತಿಗಿಂತ ನನ್ನನ್ನೇ ಹೆಚ್ಚು ನೋಡಿದರು.

"ಇಂಥಾ ಸೊಸಿ ಇರೂ ಮನಿ ಅಂದ್ರ ಮತ್ತೇನ ನೋಡೂದೈತ್ರಿ? ಈಗಿನ ಕಾಲದಾಗ ಮಾತಾಡಲಾರದ ಹೆಣ್ಮಕ್ಕಳು ಎಲ್ಲಿ ಸಿಗ್ತಾರ?"

ಅವರು ಐದು ತೆಂಗಿನಕಾಯಿ ತಂದು ನನ್ನ ಉಡಿ ತುಂಬಿದರು. ನನ್ನ ಹತ್ತು ಮಾತೂ ಹಾಗೇ ಇದ್ದವು. ಒಂದನ್ನು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಭಕ್ತಿಯ ಕೈಯಲ್ಲಿ ಚಹದ ತಟ್ಟೆ ಇತ್ತು, ಅದನ್ನೇ ನೋಡುತ್ತ ಕುಳಿತೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ಇಂದು ನಾನೇ ನಾಚಿಕೊಂಡೆ.

ಸೆಪ್ಟೆಂಬರ್ ೭, ಸೋಮವಾರ

ಗೋಕಾಕ. ಗಂಟುಗಳು ಅರ್ಧಕ್ಕೆ ಇಳಿದಿವೆ! ಡಾಕ್ಟರಿಗೆ ಖುಷಿಯಾಗಲೆಂದು ನನ್ನ ಲೆಕ್ಕದ ಚೀಟಿ ತೋರಿಸಿದೆ. ದಿನಕ್ಕೆ ನಾಲ್ಕು ಮಾತು, ಮೂರು ಮಾತು, ಪರ್ವದಲ್ಲಿ ಸೊನ್ನೆ. ಅವರು ಕನ್ನಡಕ ತೆಗೆದಿಟ್ಟರು.

"ಉಳಸಾಕತ್ತೀರೇನ್ರಿ? ಯಾವ ಬ್ಯಾಂಕಿನ್ಯಾಗ ಇಡ್ತೀರಿ? ಇವತ್ತಿನ ಹತ್ತ ಇವತ್ತಿಗೇ ಮುಗೀತು, ನಾಳಿಗಿ ಹದಿನೇಳ ಆಗೂದಿಲ್ಲ. ಗಂಟ ಕರಗಾಕ ಸುಮ್ಮನಿರಬೇಕು ಖರೆ, ದನಿ ಬರಾಕ ಮಾತಾಡಬೇಕು. ಹತ್ತನ್ನೂ ಆಡ್ರಿ. ಮೆಲ್ಲಕ, ಹೊಟ್ಟಿಯಿಂದ ಉಸರ ತಗೊಂಡ ಆಡ್ರಿ. ಬರೂ ವಾರದಿಂದ ಇಪ್ಪತ್ತು."

ಜೊತೆಗೆ ಒಂದು ವ್ಯಾಯಾಮ: ಬಾಯಿ ಮುಚ್ಚಿ "ಮ್" ಎಂದು ಎರಡು ನಿಮಿಷ ಗುಂಯ್‌ಗುಡಬೇಕು, ದಿನಕ್ಕೆ ಐದು ಸಲ. ಇದು ಓಣಿಗೆ ಕೇಳಿಸಿದರೆ ಇನ್ನೊಂದು ಪವಾಡ ಹುಟ್ಟುತ್ತದೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಮಾಡಬೇಕು.

ಆಟದಲ್ಲೂ ಹಾಗೆಯೇ ಇದೆಯಲ್ಲ. ಎರಡು ದಿನ ಬಿಟ್ಟು ಹೋದರೂ ಪಾಳಿ ಹತ್ತೇ, ಇಪ್ಪತ್ತಾಗುವುದಿಲ್ಲ. ಇಷ್ಟು ದಿನ ನೋಡಿದ್ದೆ, ನನಗೆ ಹೊಳೆದಿರಲಿಲ್ಲ. ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆಗೆ ಬಂದು ಮೊದಲ "ಅರ್ಧಕ್ಕರ್ಧ" ಒತ್ತಿದೆ. ಸೋತೆ. ಇನ್ನೊಂದು ಒತ್ತಿದೆ, ಗೆದ್ದೆ. ಸೇತುವೆಯ ಕಾವಲುಗಾರನ ಹೆಸರು ಗೊತ್ತಾಯಿತು.

ಸೆಪ್ಟೆಂಬರ್ ೨೦, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಾತಾಜಿಯವರ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಚಾತುರ್ಮಾಸ ಮುಗಿದ ಮೇಲೆ ಅವರಿಗೆ ಹೊಸ ಪಿಂಛಿ ಕೊಟ್ಟು, ಹಳೆಯದನ್ನು ಯಾರಾದರೂ ದೊಡ್ಡ ನೇಮ ಹಿಡಿಯುವವರ ಕೈಗೆ ಒಪ್ಪಿಸುತ್ತಾರೆ. ಮನೆತನಕ್ಕೆ ಅದು ಭಾರೀ ಗೌರವ. ಈ ಸಲ ಅಕ್ಟೋಬರ್ ೨೫ಕ್ಕೆ ಸಮಾರಂಭ. ಅದನ್ನು ನನ್ನ ಕೈಗೆ ಕೊಡಬೇಕೆಂದು ಕಮಿಟಿಯಲ್ಲಿ ಠರಾಯಿಸಿದ್ದಾರೆ. ಅದಕ್ಕೆ ಪ್ರತಿಯಾಗಿ ನಾನು ಎಲ್ಲರೆದುರು ಇನ್ನೊಂದು ವರ್ಷದ ಮೌನ ಹಿಡಿಯಬೇಕು.

"ಈ ಸರತಿ ಸುಳ್ಳಲ್ಲವಾ, ಖರೇನ ವ್ರತ ಆಗ್ತೈತಿ. ಹಿಂದಿಂದೂ ಅದರಾಗ ಸರಿಹೋಗ್ತೈತಿ," ಎಂದರು ಮಾವ. ಮುಂದೆ ಒಂದು ಕಾಗದ ಇಟ್ಟರು. ನನ್ನ ರಾಜೀನಾಮೆ, ಅವರದೇ ದುಂಡನೆಯ ಅಕ್ಷರದಲ್ಲಿ. "ಸಹಿ ಅಷ್ಟ ಮಾಡು. ವರ್ಷಗಟ್ಟಲೆ ಮಾತಾಡಲಾರದಾಕಿಗಿ ಸಾಲ್ಯಾಗ ಏನ ಕೆಲಸ?"

ಇವರ ಕಡೆ ನೋಡಿದೆ. "ಒಂದ ವರ್ಷಲ್ಲಾ..." ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು.

ಇಪ್ಪತ್ತು ಮಾತುಗಳಲ್ಲಿ ಒಂದನ್ನು ತೆಗೆದೆ. "ಮಾಡೂದಿಲ್ರಿ." ಮೆಲ್ಲಗೆ, ಹೊಟ್ಟೆಯಿಂದ ಉಸಿರು ತೆಗೆದುಕೊಂಡೇ ಹೇಳಿದೆ. ಮಾವ ಕೇಳಿಸದವರಂತೆ ಕಾಗದವನ್ನು ದೇವರ ಮುಂದಿಟ್ಟರು. ಇನ್ನೂ ಅಲ್ಲೇ ಇದೆ.

ಸೆಪ್ಟೆಂಬರ್ ೨೧

ಆಟದಲ್ಲೂ ಜ್ವರದ ಮನೆ. ಹತ್ತೂ ಪಾಳಿ ಬಟ್ಟೆ ಹಿಂಡಿದೆ. ಅತ್ತೆ ಮಾತಾಡಿಸಿದರು, ನಾನು ಮಾತಾಡಲಿಲ್ಲ.

ಸೆಪ್ಟೆಂಬರ್ ೨೩, ಬುಧವಾರ

ಯಾರಿಗೂ ಹೇಳದೆ ಒಂಬತ್ತೂವರೆಯ ಬಸ್ಸು ಹಿಡಿದೆ. ಕಂಡಕ್ಟರು ಟಿಕೆಟ್ಟಿಗೆ ಕೈಚಾಚಿದ, "ಕೌಜಲಗಿ" ಎಂದೆ. ಹೊರಗೆ ಆಡಿದ ಮೊದಲ ಮಾತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹೆಡ್ ಮಾಸ್ತರ ಬೀರಸಿದ್ದಪ್ಪನವರು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಪಾಠ ಹೇಳುತ್ತಿದ್ದರು. ನನ್ನನ್ನು ಕಂಡು ಕೈ ಮುಗಿದರು. ನಗುತ್ತಿದ್ದಾರೋ ಖರೆಯೋ ತಿಳಿಯಲಿಲ್ಲ.

"ನೀವು ಮಾತಾಜಿ ಆಗ್ತೀರಂತ ಊರ ತುಂಬ ಸುದ್ದಿ ಐತ್ರಿ ಅಕ್ಕೋರ! ೨೬ಕ್ಕ ಬರ್ತೀರೋ ಇಲ್ಲೋ, ನನಗ ಖರೆ ಹೇಳ್ರಿ. ಬರೂದಿಲ್ಲ ಅಂದ್ರ ಮ್ಯಾಲ ಬರದ ಕಳಸ್ತೇನಿ, ಬ್ಯಾರೇದವ್ರು ಬರ್ತಾರ."

"ಬರ್ತೇನ್ರಿ ಸರ್."

ಒಂದು ತಾಸು ಕುಳಿತೆ. ಮಕ್ಕಳ ಗದ್ದಲಕ್ಕೆ ಮಾಡು ಹಾರುತ್ತಿತ್ತು. ಹಲಗೆಯ ಮೇಲೆ ಖಡುವಿನಿಂದ ಒಂದು ಲೆಕ್ಕ ಬರೆದು, ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತೆ. ಅಕ್ಕೋರು ಏಕೆ ಒದರುತ್ತಿಲ್ಲ ಎಂದು ಅವರಿಗೇ ಹೆದರಿಕೆಯಾಗಿ ಒಬ್ಬೊಬ್ಬರೇ ಸುಮ್ಮನಾದರು. ಆಮೇಲೆ ನಾನು ಮೆಲ್ಲಗೆ ಹೇಳಿದ್ದು ಕೊನೆಯ ಸಾಲಿಗೂ ಮುಟ್ಟಿತು. ಒಂಬತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಹೆದರಿಕೆ ಇನ್ನೆರಡು ದಿನದಲ್ಲಿ ಬಿಟ್ಟುಹೋಗುತ್ತದೆ, ನನಗೆ ಗೊತ್ತು ಇವರ ಬುದ್ಧಿ.

ತಿರುಗಿ ಬಂದಾಗ ಅತ್ತೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. "ಸಾಲಿಗಿ" ಎಂದೆ. ಬಾಗಿಲು ತೆರೆದೇ ಇತ್ತು.

ಅಕ್ಟೋಬರ್ ೬, ಮಂಗಳವಾರ

ನಾಲ್ಕು ದಿನ ಸುರಿದ ಮಳೆಗೆ ಕರೆಂಟೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಇಂದು ಬಂತು.

ಸೇತುವೆಯ ಬಾಗಿಲಿಗೆ ತಲುಪಿದ್ದೇನೆ. ಬರಿಗೈಯಲ್ಲಿ ಹೋದರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಇಪ್ಪತ್ಮೂರು. ಭಕ್ತಿ ಹೇಳಿದಂತೆ ಮೊದಲು ಎಲ್ಲ ಒದ್ದೆ ಆರಿಸಿಕೊಂಡೆ, ಹಗ್ಗ ಕೂಡಿಸಿದೆ, ಕಾವಲುಗಾರನ ಮಗಳ ಕಾಗದ ಗಳಿಸಿದೆ. ಅರವತ್ನಾಲ್ಕಕ್ಕೆ ಏರಿತು. ಕಡೆಯ ಪಾಳಿ. ಕಣ್ಣು ಮುಚ್ಚಿ ಒತ್ತಿದೆ.

ಸೋತೆ. ಹಗ್ಗ ಹೋಯಿತು, ಕಾಗದ ಹೋಯಿತು, ಎರಡು ಒದ್ದೆ ಮೈಗಂಟಿತು.

"ಅರವತ್ನಾಕ ಇದ್ದೂ ಸೋತ್ರೆಲ್ರಿ!" ಎಂದಳು ಭಕ್ತಿ, ಅವಳ ಕಣ್ಣಲ್ಲೇ ನೀರು.

"ಮೂವತ್ತಾರಕ್ಕೂ ಒಂದ ಪಾಲು ಇರ್ತೈತೆಲ್ಲ, ಅದೇನ ಸುಮ್ನ ಕುಂದರ್ತೈತೇನ? ನಾಳೆ ಹತ್ತ ಬರ್ತಾವ, ಮತ್ತ ಹಗ್ಗ ಹೊಸಿಯೂದು," ಎಂದೆ. ಅಂದಮೇಲೆ ನನಗೇ ಆ ಮಾತು ಹಿಡಿಸಿತು.

ಅಕ್ಟೋಬರ್ ೧೫, ಗುರುವಾರ

ದಾಟಿದೆ! ಮೂರನೆಯ ಸಲಕ್ಕೆ, ಬರೀ ಐವತ್ತೊಂದರಲ್ಲಿ! ಬಾಗಿಲು ಕಿರ್ರೆಂದು ತೆರೆಯಿತು ಎಂದು ಭಕ್ತಿ ಓದಿದಳು. ಇಬ್ಬರೂ ಎದ್ದು ನಿಂತೆವು. ಮುಂದಿನ ಪುಟ ಬಂತು: "ಸೇತುವೆಯಾಚೆಯ ಕಥೆಯನ್ನು ನಾವಿನ್ನೂ ಬರೆದಿಲ್ಲ. ಕೆಲವು ತಿಂಗಳು ಬಿಟ್ಟು ಬನ್ನಿ."

ಕೆಲವು ತಿಂಗಳಂತೆ! ಮೂರು ತಿಂಗಳು ಒದ್ದೆಯಾಗಿದ್ದು, ಒಣಗಿದ್ದು, ಹಗ್ಗ ಹೊಸೆದದ್ದು ಎಲ್ಲ ಈ ಒಂದು ಸಾಲಿಗೋ? ಬಾಯಿಗೆ ಬಂದಂತೆ ಬೈದೆ. ಮೆಲ್ಲಗೇ ಬೈದೆ. ಮೆಲ್ಲಗೆ ಬೈದರೂ ಸಮಾಧಾನ ಆಗುತ್ತದೆ ಎಂದು ಇಂದು ತಿಳಿಯಿತು. ನಗು ಬಂದು ನಿಲ್ಲಲಿಲ್ಲ.

ಅಕ್ಟೋಬರ್ ೧೯, ಸೋಮವಾರ

ದೀಪಾವಳಿ ಆಯಿತು. ಗೋಕಾಕಿಗೆ ಹೋಗಿ ಬಂದೆ. ಗಂಟಿದ್ದಲ್ಲಿ ಸಾಸಿವೆಯಷ್ಟು ಉಬ್ಬು ಉಳಿದಿದೆ, ಆಪರೇಷನ್ ಬೇಡ. ಡಾಕ್ಟರು ಸರ್ಟಿಫಿಕೇಟು ಬರೆದರು. ಇನ್ನು ಇಷ್ಟೇ ಮಾತು ಎಂದು ಗೆರೆ ಎಳೆಯಲಿಲ್ಲ, ಒದರಿದರೆ ಮಾತ್ರ ತಿರುಗಿ ಬಂದೀತು, ನಡುನಡುವೆ ಬಿಡುವು ಕೊಡಿ ಎಂದರು. ಸರ್ಟಿಫಿಕೇಟನ್ನು ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ದೇವರ ಮುಂದಿನ ಕಾಗದ ಅಲ್ಲಿಯೇ ಇದೆ.

ಇಂದು ಇವರನ್ನು ಕೂರಿಸಿ ಹೇಳಿದೆ. "ನಾ ವ್ರತಾ ತಗೋಳೂದಿಲ್ಲ. ಅಲ್ಲೇ ಎಲ್ಲಾರ ಮುಂದ ಹೇಳ್ತೇನಿ. ನಿಮಗ ಆಗ್ಲಿಕ್ಕಂದ್ರ ಅವತ್ತು ಬರಬ್ಯಾಡ್ರಿ." "ಅಪ್ಪಗ ನಾ ಹೇಳಲೇನು?" ಎಂದರು. ಬೇಡ ಎಂದೆ. ಮೂರು ತಿಂಗಳು ನನ್ನ ಪರವಾಗಿ ಬೇರೆಯವರು ಮಾತಾಡಿದ್ದು ಸಾಕು.

ಭಕ್ತಿಗೂ ಹೇಳಿದೆ, ಹುಕ್ಕೇರಿಯ ಸಂಬಂಧ ಮುರಿಯಬಹುದು ಎಂದು. ಅವಳು ಬಿಳಿಚಿಕೊಂಡಳು. ಆಮೇಲೆ, "ಹೇಳ್ರಿ ವೈನಿ. ಮುಂದ ಯಾವಾಗರ ಗೊತ್ತಾದ್ರ ನಾ ಏನಂತ ಮಾರಿ ತೋರಸ್ಲಿ?" ಎಂದಳು.

ಅಕ್ಟೋಬರ್ ೨೫, ಭಾನುವಾರ

ಬಸದಿಯ ಮುಂದೆ ಪೆಂಡಾಲು. ಮೂಡಲಗಿಯವರಷ್ಟೇ ಅಲ್ಲ, ಗೋಕಾಕ, ಹುಕ್ಕೇರಿಯವರೂ ಬಂದಿದ್ದರು. ಮಾತಾಜಿ ಎತ್ತರದ ಮಣೆಯ ಮೇಲೆ ಕುಳಿತಿದ್ದರು. ಹೊಸ ಪಿಂಛಿ ಒಪ್ಪಿಸಿದ್ದಾಯಿತು. ಮಾವ ಮೈಕು ಹಿಡಿದರು.

"ನಮ್ಮ ಸೊಸಿ ತ್ರಿಶಲಾ ಈ ಚಾತುರ್ಮಾಸದಾಗ ಮೌನ ನಡಸ್ಯಾಳ. ಇವತ್ತಿನಿಂದ ಇನ್ನೊಂದು ವರ್ಷ..."

ಎದ್ದು ಹೋಗಿ ಮೈಕಿಗೆ ಕೈ ಚಾಚಿದೆ. ನಾನು ಅದನ್ನು ವ್ರತ ಒಪ್ಪಿಕೊಳ್ಳಲು ಕೇಳುತ್ತಿದ್ದೇನೆ ಎಂದುಕೊಂಡರೋ ಏನೋ, ಕೊಟ್ಟುಬಿಟ್ಟರು. ಹೊಟ್ಟೆಯಿಂದ ಉಸಿರು ತೆಗೆದುಕೊಂಡೆ.

"ವಂದಾಮಿ ಮಾತಾಜಿ. ಇದು ವ್ರತ ಅಲ್ರಿ. ನನ್ನ ಗಂಟಲಾಗ ಎರಡು ಗಂಟ ಆಗಿದ್ದೂವು. ಕ್ಯಾನ್ಸರ್ ಅಲ್ಲ, ಸಾಲ್ಯಾಗ ಒದರಿ ಒದರಿ ಆಗಿದ್ದು. ಡಾಕ್ಟರು ಸುಮ್ಮನಿರು ಅಂದ್ರು, ಸುಮ್ಮನಿದ್ನಿ. ಮಂದಿ ವ್ರತ ಅಂತ ತಿಳದು ಕಾಲ ಬಿದ್ರು, ನಾ ಬ್ಯಾಡ ಅನ್ನಲಿಲ್ಲ. ಅನ್ನಬಹುದಿತ್ತು. ಹಂಗಾಗಿ ಇದರಾಗ ನಂದೂ ತಪ್ಪೈತಿ, ನನ್ನ ಮನಿಯವ್ರದಷ್ಟ ಅಲ್ಲ. ಸುಂದ್ರವ್ವ, ನೀವು ನನಗಿಂತ ದೊಡ್ಡವ್ರು, ಕ್ಷಮಾ ಮಾಡ್ರಿ. ನಾಳೆ ಕೌಜಲಗಿ ಸಾಲಿ ತೆರಿತೈತಿ. ನಾ ಹೋಗಾಕಿ."

ಪೆಂಡಾಲಿನಲ್ಲಿ ಒಂದು ಕೂಸು ಅತ್ತಿತು. ಮಾತಾಜಿ ನನ್ನನ್ನೇ ನೋಡಿದರು.

"ನನ್ನ ಮುಂದ ನೀ ಯಾವತ್ತಾರ ವ್ರತಾ ತಗೊಂಡಿದ್ದೇನವಾ?"

"ಇಲ್ರಿ ಮಾತಾಜಿ."

"ಮತ್ತ ಮುರಿಯೂದರ ಏನೈತಿ?" ಎಂದು ಮಾವನ ಕಡೆ ತಿರುಗಿದರು. "ಅಧ್ಯಕ್ಷರ, ವ್ರತಾ ತಗೊಳ್ಳೂರು ತಾವಾಗಿ ತಗೋಬೇಕು. ಇನ್ನೊಬ್ಬರ ಬಾಯಿ ಮುಚ್ಚೂದಕ್ಕ ಆ ಹೆಸರ ಇಡಬ್ಯಾಡ್ರಿ." ಮಾವ ತಲೆ ತಗ್ಗಿಸಿದರು. ಅದನ್ನು ನೋಡಿ ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಮಾತಾಜಿ ಮತ್ತೆ ನನ್ನನ್ನು ಕೇಳಿದರು: "ಒಂದು ಸಣ್ಣ ನೇಮ ತಗೋತಿಯೇನು? ಹುಡುಗೂರಿಗಿ ಒದರೂದಿಲ್ಲ ಅಂತ?"

"ಆಗೂದಿಲ್ರಿ ಮಾತಾಜಿ. ನಮ್ಮ ಹುಡುಗೂರು ನಿಮಗ ಗೊತ್ತಿಲ್ಲ."

ಮೊದಲು ನಕ್ಕವರು ಮಾತಾಜಿಯೇ. ಹಳೆಯ ಪಿಂಛಿಯನ್ನು ತಾವಾಗಿಯೇ ನೇಮ ಹಿಡಿದ, ಹೊಲ ಉಳುವ ವಯಸ್ಸಾದ ಗಂಡ-ಹೆಂಡಿರಿಗೆ ಕೊಟ್ಟರು.

ಹುಕ್ಕೇರಿಯವರು ಊಟಕ್ಕೆ ನಿಲ್ಲದೆ ಹೋದರು. ಯಶ ಒಮ್ಮೆ ಹಿಂತಿರುಗಿ ನೋಡಿದನಂತೆ, ಅಷ್ಟೇ. "ಹ್ವಾದ್ರ ಹೋಗ್ಲಿ ಬಿಡ್ರಿ. ಮಾತಾಡಿದ್ರ ಓಡಿ ಹೋಗೂ ಮನ್ಯಾಗ ನಾ ಹೆಂಗ ಬಾಳ್ವೆ ಮಾಡ್ಲಿ?" ಎಂದಳು ಭಕ್ತಿ. ಆದರೆ ಕಣ್ಣು ಕೆಂಪಗಿದ್ದವು. ಅವಳಿಗಾಗಿ ಸಂಕಟವಾಗುತ್ತಿದೆ. ಆದರೂ ಆಡಿದ ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಅತ್ತೆ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಎಲ್ಲರನ್ನೂ ಕರೆದರು, ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಬಡಿಸಿಕೊಂಡು ಉಂಡೆ. ರಾಜೀನಾಮೆಯ ಕಾಗದವನ್ನು ಎತ್ತಿ ಹರಿದು ಒಲೆಗೆ ಹಾಕಿದೆ. ಮಾವ ನೋಡುತ್ತಲೇ ಇದ್ದರು.

ಅಕ್ಟೋಬರ್ ೨೬, ಸೋಮವಾರ

ನನ್ನ ರೊಟ್ಟಿ ನಾನೇ ಕಟ್ಟಿಕೊಂಡೆ. ಇವರು ಗಾಡಿ ಹೊರಗೆ ತೆಗೆದು, ಬಸ್ ಸ್ಟ್ಯಾಂಡಿನ ತನಕ ಬಿಟ್ಟು, ಬಸ್ಸು ಹೊರಡುವವರೆಗೂ ನಿಂತಿದ್ದರು.

ಬೀರಸಿದ್ದಪ್ಪನವರು ಸರ್ಟಿಫಿಕೇಟು ತೆಗೆದುಕೊಂಡು ಹಾಜರಿ ಪುಸ್ತಕ ಕೈಗಿತ್ತರು. "ಇವತ್ತೊಂದಿನ ಹಾಜರಿ ನಾ ಹಾಕ್ಲೇನ್ರಿ ಅಕ್ಕೋರ?" ಎಂದರು. ಬೇಡ ಎಂದೆ.

ನಾನು ಮೊದಲೆಲ್ಲ ಹಾಜರಿಗೆ ನಂಬರು ಒದರುತ್ತಿದ್ದೆ. ಒಂದು, ಎರಡು, ಮೂರು. ಬೇಗ ಮುಗಿಯುತ್ತದೆ. ಇಂದು ಪುಸ್ತಕ ತೆರೆದಾಗ ಹೆಸರುಗಳು ಕಂಡವು, ಹೆಸರು ಹಿಡಿದೇ ಕರೆದೆ. ಮೆಲ್ಲಗೆ ಕರೆದಿದ್ದಕ್ಕೆ ಎಲ್ಲರೂ ಕಿವಿಗೊಟ್ಟು ಕಾಯಬೇಕಾಯಿತು. ಶೆಟ್ಟೆಪ್ಪ. ತಾಯವ್ವ. ಮುತ್ತಪ್ಪ. ಒಬ್ಬೊಬ್ಬರೂ "ಹಾಜರ್ರಿ" ಎಂದು ಎದ್ದು ನಿಂತು, ಯಾಕೋ ನಾಚಿಕೊಂಡು ಕೂತರು. ನಡುವೆ ಎರಡು ಸಲ ನೀರು ಕುಡಿದೆ. ಕಬ್ಬಿನ ಟ್ರ್ಯಾಕ್ಟರು ಹೋಗುವಾಗ ನಿಲ್ಲಿಸಿದೆ, ಹೋದ ಮೇಲೆ ಮುಂದುವರಿಸಿದೆ.

ಕೊನೆಯ ಹೆಸರು ಗೋಡೆಗೆ ಒರಗಿ ಕೂರುವ ಒಂದು ಹುಡುಗಿಯದು. ಜೂನ್ ತಿಂಗಳಲ್ಲೆಲ್ಲ ಅವಳು ನನಗೆ ಬರೀ ಎಪ್ಪತ್ತೊಂದು.

"ಕಾಜಲ್," ಎಂದೆ.

ಅವಳು ಎದ್ದಳು. ಹಾಜರ್ರಿ ಅನ್ನಲಿಲ್ಲ.

"ಅಕ್ಕೋರ, ಇನ್ನೊಮ್ಮಿ ಕರೀರಿ," ಎಂದಳು.

ಕರೆದೆ.